ಅಮೆರಿಕದ ಹಳೆಯ ಬೆಳ್ಳಿ ನಾಣ್ಯಗಳು: ನಂಬುವ ಮೊದಲು ತೂಗಿ ನೋಡಿ



ಕಳೆದ ತಿಂಗಳು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ 'ಹಣ ಮತ್ತು ಬ್ಯಾಂಕಿಂಗ್' ಅಧ್ಯಾಯ ಮಾಡುವಾಗ ಜೇಬಿನಿಂದ ಒಂದು ನಾಣ್ಯ ತೆಗೆದು ಮುಂದಿನ ಬೆಂಚಿಗೆ ಕೊಟ್ಟೆ. ಅದು ಕೈಯಿಂದ ಕೈಗೆ ದಾಟಿ, ಕೊನೆಯ ಸಾಲಿನವರೆಗೂ ಹೋಗಿ ಹಿಂದಿರುಗಿತು. 1921ರ ಅಮೆರಿಕದ ಬೆಳ್ಳಿ ಡಾಲರ್. "ಸರ್, ಇದಕ್ಕೆ ಈಗ ಎಷ್ಟು ಬೆಲೆ?" ಎಂದು ಹಲವರು ಕೇಳಿದರು. "ಇದು ಅಸಲಿ ಅಂತ ನಿಮಗೆ ಹೇಗೆ ಗೊತ್ತು ಸರ್?" ಎಂದು ಕೇಳಿದ್ದು ಒಬ್ಬಳು ಮಾತ್ರ. ಅಷ್ಟರಲ್ಲಿ ಗಂಟೆ ಹೊಡೆಯಿತು. ಆ ಒಬ್ಬಳ ಪ್ರಶ್ನೆಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ. ಬೆಲೆಯ ಪ್ರಶ್ನೆಗೂ ಉತ್ತರ ಇದರಲ್ಲೇ ಸಿಗುತ್ತದೆ.

ಮಾಮು ತಂದ ಮೂರು ನಾಣ್ಯಗಳು

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಇದೇ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ನನ್ನ ಮಾಮು ಮಸ್ಕತ್‌ನಲ್ಲಿ ಟೈಲರ್ ಕೆಲಸದಲ್ಲಿದ್ದರು. ರಜೆಗೆ ಊರಿಗೆ ಬಂದಾಗ ಚರ್ಮದ ಚಿಕ್ಕ ಚೀಲವೊಂದನ್ನು ತಂದಿದ್ದರು. ಅದರಲ್ಲಿ ಅಮೆರಿಕದ ಮೂರು ನಾಣ್ಯಗಳು. ಅಲ್ಲಿನ ರಸ್ತೆಬದಿಯ ಒಬ್ಬ ವ್ಯಾಪಾರಿಯಿಂದ ಮೂರಕ್ಕೂ ಸೇರಿ 25 ರಿಯಾಲ್ ಕೊಟ್ಟು ಕೊಂಡಿದ್ದರಂತೆ. ಅಂದಿನ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿಗೂ ಹೆಚ್ಚು.

ಒಂದು 1921ರ ಡಾಲರ್, ಇನ್ನೊಂದು 1964ರ ಅರ್ಧ ಡಾಲರ್. ಇವೆರಡನ್ನೂ ಮಾಮು ಪಕ್ಕಕ್ಕೆ ಸರಿಸಿದರು. ಮೂರನೆಯದನ್ನು ಮಾತ್ರ ಕರ್ಚೀಫಿನಲ್ಲಿ ಸುತ್ತಿ ಇಟ್ಟಿದ್ದರು. ಅದರ ಮೇಲೆ 1804 ಎಂದಿತ್ತು. "ಬೇಟಾ, ಇಂಥದ್ದೇ ಒಂದು ಡಾಲರ್ ಅಮೆರಿಕದಲ್ಲಿ ನಲವತ್ತು ಲಕ್ಷ ಡಾಲರಿಗೆ ಹೋಗಿದೆ. ನಮ್ಮ ರೂಮಿನವರೇ ಪೇಪರಿನಲ್ಲಿ ಓದಿದ್ದು" ಎಂದರು. ಪಕ್ಕದ ಪಟ್ಟಣದ ಒಬ್ಬ ಹಳೆ ಸಾಮಾನಿನ ವ್ಯಾಪಾರಿ ಅದನ್ನು ನೋಡಿ 80 ಸಾವಿರಕ್ಕೆ ಕೇಳಿದ್ದ. ಮಾಮುವಿನ ಮಗಳು, ನಮ್ಮ ಆಪಾ, ನರ್ಸಿಂಗ್ ಸೇರುವವಳಿದ್ದಳು. ಫೀಸಿನ ಮೊದಲ ಕಂತಿಗೆ ಆ 80 ಸಾವಿರ ಸರಿಯಾಗಿ ಒದಗುತ್ತಿತ್ತು.

ವ್ಯಾಪಾರ ಮುಗಿಸುವ ಮೊದಲು ಮಾಮು ನನಗೆ ಒಂದು ಕೆಲಸ ಒಪ್ಪಿಸಿದರು. "ನೀನು ಓದಿದ ಹುಡುಗ. ಇದರ ನಿಜವಾದ ಬೆಲೆ ಎಷ್ಟು ಅಂತ ನೋಡಿ ಹೇಳು. 80 ಸಾವಿರ ಕಡಿಮೆಯಾಯಿತೇನೋ." ನಾನು ಗ್ರಂಥಾಲಯದ ವಿಶ್ವಕೋಶ ತೆಗೆದೆ. ಗಂಟೆಗೆ 20 ರೂಪಾಯಿ ಕೊಟ್ಟು ಸೈಬರ್ ಕೆಫೆಯಲ್ಲಿ ಕುಳಿತೆ. ಹೀಗೆ ಕಲಿತದ್ದನ್ನು ಮೊದಲು ಹೇಳುತ್ತೇನೆ.

ಡಾಲರ್ ಎಂದರೆ ಇಷ್ಟು ತೂಕದ ಬೆಳ್ಳಿ

ಇಂದು ಹಣ ಎಂದರೆ ಸರ್ಕಾರದ ಭರವಸೆ. ಹಿಂದೆ ಅದು ಒಂದು ನಿರ್ದಿಷ್ಟ ತೂಕದ ಲೋಹವಾಗಿತ್ತು. 1792ರಲ್ಲಿ ಅಮೆರಿಕದ ಸಂಸತ್ತು ಮಾಡಿದ ನಾಣ್ಯ ಕಾಯ್ದೆ, ಒಂದು ಡಾಲರಿನಲ್ಲಿ 371.25 ಗ್ರೇನ್ ಶುದ್ಧ ಬೆಳ್ಳಿ ಇರಬೇಕು ಎಂದು ವಿಧಿಸಿತು. ಗಟ್ಟಿತನಕ್ಕಾಗಿ ತಾಮ್ರ ಸೇರಿ ನಾಣ್ಯದ ಒಟ್ಟು ತೂಕ 416 ಗ್ರೇನ್, ಅಂದರೆ 26.96 ಗ್ರಾಂ. 1837ರಲ್ಲಿ ಬೆಳ್ಳಿಯ ಪ್ರಮಾಣವನ್ನು ಸರಿಯಾಗಿ ಶೇ. 90ಕ್ಕೆ ತಂದು, ತೂಕವನ್ನು 412.5 ಗ್ರೇನಿಗೆ ಇಳಿಸಿದರು. ಇದು 26.73 ಗ್ರಾಂ. ಒಳಗಿನ ಬೆಳ್ಳಿ ಮಾತ್ರ ಮೊದಲಿನಷ್ಟೇ ಉಳಿಯಿತು. ಲೆಕ್ಕ ಮಾಡಿ ನೋಡಿ: 412.5ರ ಶೇ. 90 ಎಂದರೆ 371.25.

ಸಂಗ್ರಾಹಕರು ಅತಿ ಹೆಚ್ಚು ಕೂಡಿಸುವ 'ಮಾರ್ಗನ್ ಡಾಲರ್' 1878ರಲ್ಲಿ ಶುರುವಾಯಿತು. ನೆವಾಡದ ಗಣಿಗಳಿಂದ ಬೆಳ್ಳಿ ಹರಿದು ಬಂದು ಬೆಲೆ ಬಿದ್ದಾಗ, ಸರ್ಕಾರ ತಿಂಗಳಿಗೆ ಕನಿಷ್ಠ 20 ಲಕ್ಷ ಡಾಲರಿನ ಬೆಳ್ಳಿ ಕೊಂಡು ಡಾಲರ್ ಮುದ್ರಿಸಬೇಕು ಎಂಬ ಕಾನೂನಾಯಿತು. ವಿನ್ಯಾಸ ಮಾಡಿದವರು ಇಂಗ್ಲೆಂಡಿನಿಂದ ಬಂದ ಜಾರ್ಜ್ ಮಾರ್ಗನ್. ಅದರ ಮೇಲಿನ ಸ್ವಾತಂತ್ರ್ಯ ದೇವಿಯ ಮುಖಕ್ಕೆ ರೂಪದರ್ಶಿಯಾದ ಫಿಲಡೆಲ್ಫಿಯಾದ ಯುವತಿ ಆನಾ ವಿಲಿಯಮ್ಸ್ ಮುಂದೆ ಶಾಲಾ ಶಿಕ್ಷಕಿಯಾದರು. ಶಿಕ್ಷಕಿಯೊಬ್ಬರ ಮುಖ ಕೋಟಿಗಟ್ಟಲೆ ನಾಣ್ಯಗಳ ಮೇಲೆ ಇದೆ ಎಂಬುದು ನನಗಂತೂ ಸಂತೋಷದ ಸಂಗತಿ.

ಯಾವ ನಾಣ್ಯದಲ್ಲಿ ಬೆಳ್ಳಿ ಇದೆ?

ಕೊಲ್ಲಿ ದೇಶಗಳಿಂದ, ಅಮೆರಿಕದಿಂದ ಬಂದ ನೆಂಟರು ಕೊಟ್ಟ ನಾಣ್ಯಗಳು ನಿಮ್ಮಲ್ಲಿ ಹಲವರ ಮನೆಯಲ್ಲಿರಬಹುದು. ಈ ಪಟ್ಟಿಯೊಂದಿಗೆ ಹೋಲಿಸಿ ನೋಡಿ.

1. ಮಾರ್ಗನ್ ಡಾಲರ್ (1878ರಿಂದ 1904 ಮತ್ತು 1921), ಪೀಸ್ ಡಾಲರ್ (1921ರಿಂದ 1928, 1934 ಮತ್ತು 1935): ಶೇ. 90 ಬೆಳ್ಳಿ, ತೂಕ 26.73 ಗ್ರಾಂ.

2. ಅರ್ಧ ಡಾಲರ್, 1964ರವರೆಗೆ: ಶೇ. 90 ಬೆಳ್ಳಿ, 12.50 ಗ್ರಾಂ. 1965ರಿಂದ 1970ರವರೆಗಿನ ಕೆನಡಿ ಅರ್ಧ ಡಾಲರಿನಲ್ಲಿ ಶೇ. 40 ಮಾತ್ರ, ತೂಕ 11.50 ಗ್ರಾಂ.

3. ಕ್ವಾರ್ಟರ್, ಅಂದರೆ ಕಾಲು ಡಾಲರ್, 1964ರವರೆಗೆ: ಶೇ. 90 ಬೆಳ್ಳಿ, 6.25 ಗ್ರಾಂ.

4. ಡೈಮ್, ಅಂದರೆ ಹತ್ತು ಸೆಂಟ್, 1964ರವರೆಗೆ: ಶೇ. 90 ಬೆಳ್ಳಿ, 2.50 ಗ್ರಾಂ.

5. ಐದು ಸೆಂಟಿನ ನಿಕಲ್‌ನಲ್ಲಿ ಸಾಮಾನ್ಯವಾಗಿ ಬೆಳ್ಳಿ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ನಿಕಲ್ ಲೋಹ ಯುದ್ಧ ಸಾಮಗ್ರಿಗೆ ಬೇಕಾದ್ದರಿಂದ, 1942ರ ನಡುವಿನಿಂದ 1945ರವರೆಗೆ ಶೇ. 35 ಬೆಳ್ಳಿ ಹಾಕಿದರು. ಗುರುತು: ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಅಕ್ಷರ.

ಐಸೆನ್‌ಹೋವರ್ ಚಿತ್ರದ ದೊಡ್ಡ ಡಾಲರ್ (1971ರಿಂದ 1978) ನೋಡಲು ಬೆಳ್ಳಿಯಂತೆ ಕಂಡರೂ ಚಲಾವಣೆಗೆ ಬಂದವುಗಳಲ್ಲಿ ಬೆಳ್ಳಿ ಇಲ್ಲ. ಡೈಮ್, ಕ್ವಾರ್ಟರ್‌ಗಳ ಅಂಚನ್ನು ನೋಡಿದರೂ ಗೊತ್ತಾಗುತ್ತದೆ. ಬೆಳ್ಳಿಯದಾದರೆ ಅಂಚು ಪೂರ್ತಿ ಬಿಳಿ. 1965ರ ನಂತರದ್ದಾದರೆ ನಡುವೆ ತಾಮ್ರದ ಕೆಂಪು ಗೆರೆ.

ಈ 1965ರ ಗೆರೆ ನಿಮ್ಮ ಪಠ್ಯದ ಗ್ರೆಶಮ್ ನಿಯಮಕ್ಕೆ ಒಳ್ಳೆಯ ಉದಾಹರಣೆ. ಒಂದು ಔನ್ಸ್ ಬೆಳ್ಳಿಯ ಬೆಲೆ 1.29 ಡಾಲರ್ ಮುಟ್ಟಿದಾಗ, ಬೆಳ್ಳಿ ಡಾಲರಿನ ಒಳಗಿನ ಲೋಹದ ಬೆಲೆಯೂ ಸರಿಯಾಗಿ ಒಂದು ಡಾಲರ್ ಆಗುತ್ತದೆ. ಅದಕ್ಕಿಂತ ಏರಿದರೆ ನಾಣ್ಯ ಖರ್ಚು ಮಾಡುವುದಕ್ಕಿಂತ ಕರಗಿಸುವುದೇ ಲಾಭ. 1960ರ ದಶಕದಲ್ಲಿ ಬೆಲೆ ಆ ಗಡಿಗೆ ಬಂತು. ಜನ ಬೆಳ್ಳಿ ನಾಣ್ಯ ಕೂಡಿಡತೊಡಗಿದರು, ಅಂಗಡಿಗಳಲ್ಲಿ ಚಿಲ್ಲರೆಗೆ ಪರದಾಟವಾಯಿತು. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 23ರಂದು ಹೊಸ ನಾಣ್ಯ ಕಾಯ್ದೆಗೆ ಸಹಿ ಹಾಕಿದರು. ಡೈಮ್, ಕ್ವಾರ್ಟರ್‌ಗಳು ತಾಮ್ರ-ನಿಕಲ್ ಆದವು. ಹೊಸ ನಾಣ್ಯ ಬಂದದ್ದೇ ತಡ, ಹಳೆಯ ಬೆಳ್ಳಿ ಪೇಟೆಯಿಂದ ಮಾಯವಾಯಿತು. ಕೆಟ್ಟ ಹಣ ಒಳ್ಳೆಯ ಹಣವನ್ನು ಹೊರದೂಡಿತು.

1804 ಎಂಬ ಇಸವಿಯ ಕಥೆ

ಈಗ ಮಾಮುವಿನ ಕರ್ಚೀಫಿನ ನಾಣ್ಯಕ್ಕೆ ಬರೋಣ. ಅವರ ರೂಮಿನವರು ಓದಿದ್ದು ಸುಳ್ಳಲ್ಲ. 1999ರ ಆಗಸ್ಟ್‌ನಲ್ಲಿ 1804ರ ಡಾಲರೊಂದು ನ್ಯೂಯಾರ್ಕಿನ ಹರಾಜಿನಲ್ಲಿ 41 ಲಕ್ಷ 40 ಸಾವಿರ ಡಾಲರಿಗೆ ಮಾರಾಟವಾಗಿತ್ತು. ಆಶ್ಚರ್ಯವೆಂದರೆ ಆ ನಾಣ್ಯಕ್ಕೂ ಮಸ್ಕತ್‌ಗೂ ನಿಜವಾದ ನಂಟಿದೆ.

ಅಮೆರಿಕದ ಟಂಕಸಾಲೆ 1804ರಲ್ಲಿ ಡಾಲರ್ ಮುದ್ರಿಸಿದ್ದು ಹೌದು. ಆದರೆ ಹಳೆಯ ಅಚ್ಚುಗಳನ್ನೇ ಬಳಸಿದ್ದರಿಂದ ಅವುಗಳ ಮೇಲೆ 1803 ಅಥವಾ ಅದಕ್ಕೂ ಹಿಂದಿನ ಇಸವಿಯೇ ಇತ್ತು. ಆಮೇಲೆ ಡಾಲರ್ ಮುದ್ರಣ ನಿಂತೇ ಹೋಯಿತು. ಮೂವತ್ತು ವರ್ಷ ಕಳೆದ ಮೇಲೆ, 1834ರಲ್ಲಿ, ಏಷ್ಯಾದ ದೊರೆಗಳಿಗೆ ಉಡುಗೊರೆಯಾಗಿ ಅಮೆರಿಕದ ಎಲ್ಲ ನಾಣ್ಯಗಳ ಒಂದೊಂದು ಪೆಟ್ಟಿಗೆ ಬೇಕು ಎಂದು ಸರ್ಕಾರ ಕೇಳಿತು. ಡಾಲರ್ ಕೊನೆಗೆ ಮುದ್ರಣವಾದದ್ದು 1804ರಲ್ಲಿ ಎಂದು ದಾಖಲೆ ಹೇಳುತ್ತಿತ್ತು. ಅದನ್ನು ನೋಡಿ ಟಂಕಸಾಲೆಯವರು 1804 ಎಂಬ ಇಸವಿಯ ಹೊಸ ಅಚ್ಚು ಮಾಡಿದರು. ರಾಯಭಾರಿ ಎಡ್ಮಂಡ್ ರಾಬರ್ಟ್ಸ್ 1835ರಲ್ಲಿ ಒಂದು ಪೆಟ್ಟಿಗೆಯನ್ನು ಮಸ್ಕತ್‌ನ ಸುಲ್ತಾನ್ ಸಯ್ಯದ್ ಸಈದ್ ಅವರಿಗೆ, ಮರುವರ್ಷ ಇನ್ನೊಂದನ್ನು ಸಯಾಮಿನ ರಾಜರಿಗೆ ತಲುಪಿಸಿದರು. 1999ರಲ್ಲಿ ಹರಾಜಾದದ್ದು ಮಸ್ಕತ್‌ಗೆ ಹೋಗಿದ್ದ ನಾಣ್ಯವೇ ಎಂದು ನಾಣ್ಯತಜ್ಞರಲ್ಲಿ ರೂಢಿಯ ಮಾತಿದೆ. ಮುಂದೆ ಸಂಗ್ರಾಹಕರಿಗಾಗಿ ಟಂಕಸಾಲೆಯಲ್ಲೇ ಇನ್ನೂ ಕೆಲವನ್ನು ಮುದ್ರಿಸಿದರು. ಇಡೀ ಜಗತ್ತಿನಲ್ಲಿ ಎಲ್ಲ ಸೇರಿ ಹದಿನೈದರ ಆಸುಪಾಸು ಇವೆ. ಒಂದೊಂದೂ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ಪುಸ್ತಕಗಳಲ್ಲಿದೆ.

ಇದನ್ನು ಓದಿದ ದಿನ ನನ್ನ ಎದೆ ಬಡಿತ ಏರಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮಸ್ಕತ್! ಮಾಮು ನಾಣ್ಯ ತಂದದ್ದೂ ಅಲ್ಲಿಂದಲೇ ಅಲ್ಲವೇ? ಮೋಸ ಹೋಗುವವರು ದಡ್ಡರು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಅರ್ಧ ಗೊತ್ತಿದ್ದವರೇ ಹೆಚ್ಚು ಮೋಸ ಹೋಗುವುದು. ನಿಜವಾದ ಇತಿಹಾಸ ನನಗೆ ಗೊತ್ತಾಗಿತ್ತು. ಅದು ನನ್ನ ಕೈಲಿದ್ದ ನಾಣ್ಯದ ಇತಿಹಾಸವೇ ಎಂದು ಮನಸ್ಸು ತಾನಾಗಿಯೇ ಹೊಂದಿಸಿಕೊಂಡಿತು.

ಪ್ರಯೋಗಾಲಯದಲ್ಲಿ ಅರ್ಧ ಗಂಟೆ

ವಿಜ್ಞಾನ ವಿಭಾಗದ ನನ್ನ ಗೆಳೆಯ ಕೇಳಿದ್ದು ಒಂದೇ ಮಾತು: "ತೂಗಿ ನೋಡಿದ್ದೀಯಾ?" ನಾನು ತೂಗಿರಲಿಲ್ಲ. ರಸಾಯನಶಾಸ್ತ್ರದ ಉಪನ್ಯಾಸಕರ ಅನುಮತಿ ಪಡೆದು ಮೂರೂ ನಾಣ್ಯ ಹಿಡಿದು ಪ್ರಯೋಗಾಲಯಕ್ಕೆ ಹೋದೆವು. ನಾವು ಮಾಡಿದ್ದನ್ನು ನೀವೂ ಮಾಡಬಹುದು.

ಮೊದಲ ಪರೀಕ್ಷೆ, ತೂಕ. 1921ರ ಡಾಲರ್ 26.50 ಗ್ರಾಂ ತೂಗಿತು. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯಕ್ಕೆ ಇಷ್ಟು ಕೊರತೆ ಸಹಜ. 1964ರ ಅರ್ಧ ಡಾಲರ್ 12.49 ಗ್ರಾಂ. 1804ರದ್ದು 26.96 ಗ್ರಾಂ ಇರಬೇಕಿತ್ತು. ತೂಗಿದ್ದು 22.10.

ಎರಡನೆಯದು, ಸಾಂದ್ರತೆ. ಇದು ಆರ್ಕಿಮಿಡೀಸ್ ತತ್ತ್ವ. ನೀರು ತುಂಬಿದ ಬೀಕರನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ದಾರದಲ್ಲಿ ಕಟ್ಟಿ, ಬೀಕರಿನ ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ, ನಾಣ್ಯ ಸರಿಸಿದ ನೀರಿನ ತೂಕ. ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ ಆದ್ದರಿಂದ ಅದೇ ನಾಣ್ಯದ ಗಾತ್ರವೂ ಹೌದು. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

ಶೇ. 90 ಬೆಳ್ಳಿ, ಶೇ. 10 ತಾಮ್ರದ ಮಿಶ್ರಲೋಹದ ಸಾಂದ್ರತೆ ಸುಮಾರು 10.3. ನಮ್ಮ 1921ರ ಡಾಲರಿಗೆ ತಕ್ಕಡಿ 2.57 ತೋರಿಸಿತು. 26.50 ಭಾಗಿಸು 2.57 ಎಂದರೆ 10.3. ಸರಿಯಾಗಿ ಕೂತಿತು. 1804ರದ್ದು 2.62 ತೋರಿಸಿತು. 22.10 ಭಾಗಿಸು 2.62 ಎಂದರೆ 8.4. ಹಿತ್ತಾಳೆಯ ಆಸುಪಾಸಿನ ಅಂಕಿ. ನೋಡಲು ಗಾತ್ರ ಅಸಲಿಯಷ್ಟೇ ಇತ್ತು, ಒಳಗಿನ ಲೋಹ ಬೇರೆ ಇತ್ತು.

ಮೂರನೆಯದು, ಅಂಚು. 1804ರ ಮಾದರಿಯ ಆ ಕಾಲದ ಡಾಲರುಗಳ ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಮೌಲ್ಯ ಬರೆದಿರುತ್ತಿತ್ತು. ನಮ್ಮದರ ಅಂಚಿನಲ್ಲಿ ಈಗಿನ ನಾಣ್ಯಗಳಂತೆ ಸಾಲು ಗೀರುಗಳಿದ್ದವು. ಇದನ್ನು ನೋಡಲು ತಕ್ಕಡಿಯೂ ಬೇಕಿರಲಿಲ್ಲ. ಓದಿದ್ದರೆ ಸಾಕಿತ್ತು.

ನಾಲ್ಕನೆಯದು, ಅಯಸ್ಕಾಂತ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಮ್ಮ ನಕಲಿಯೂ ಅಂಟಲಿಲ್ಲ, ಏಕೆಂದರೆ ಹಿತ್ತಾಳೆಯೂ ಅಂಟದು. ಇದರ ಪಾಠ: ಅಯಸ್ಕಾಂತಕ್ಕೆ ಅಂಟಿದರೆ ಖಂಡಿತ ನಕಲಿ, ಅಂಟದಿದ್ದರೆ ಅಸಲಿ ಎಂದೇನೂ ಅಲ್ಲ. ಯಾವ ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯುವುದೂ ಪರೀಕ್ಷೆಯ ಭಾಗವೇ.

ಮಾಮು ಮಾಡಿದ ನಿರ್ಧಾರ

ಅಂದು ಸಂಜೆ ಮಾಮುವಿಗೆ ಹೇಳುವುದೇ ಕಷ್ಟವಾಯಿತು. ಕಾಗದದ ಮೇಲೆ ಅಂಕಿಗಳನ್ನು ಬರೆದುಕೊಂಡು ಹೋಗಿದ್ದೆ. ಅವರು ಓದಿ, ನಾಣ್ಯವನ್ನು ಅಂಗೈಯಲ್ಲಿಟ್ಟು ಸುಮ್ಮನೆ ಕುಳಿತರು. ಮುಮಾನಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದರು: "ಅವನು ವ್ಯಾಪಾರಿ. ತಾನೇ ನೋಡಿ, ತಾನೇ ಬೆಲೆ ಹೇಳಿದ್ದಾನೆ. ನಾವೇನು ಅಸಲಿ ಅಂತ ಹೇಳಿ ಮಾರಿದೆವಾ?"

ವಿದ್ಯಾರ್ಥಿಗಳೇ, ಈ ವಾದ ಸುಲಭದ್ದಲ್ಲ. ನೀವೇ ಯೋಚಿಸಿ. ಕೊಳ್ಳುವವನು ತಿಳಿದವನು. ನೀವು ಸುಳ್ಳು ಹೇಳಿಲ್ಲ. ಮಗಳ ಫೀಸು ಕಟ್ಟಬೇಕು. ನನಗೂ ಆ ಕ್ಷಣಕ್ಕೆ ಮುಮಾನಿಯ ಮಾತು ಸರಿ ಅನಿಸಿತ್ತು.

ಮಾತನಾಡಿದ್ದು ನಮ್ಮ ನಾನಿ. "ನಿನ್ನೆಯವರೆಗೆ ನಿನಗೆ ಗೊತ್ತಿರಲಿಲ್ಲ, ಇವತ್ತು ಗೊತ್ತಾಯಿತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ, ತಕ್ಕಡಿಯ ಕೆಳಗೆ ಬೆರಳು ಇಟ್ಟ ಹಾಗೆ" ಎಂದರು. ಅಷ್ಟೇ. ಮಾಮು ಮರುದಿನ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿ ಆ ವ್ಯಾಪಾರಿಗೆ ನನ್ನ ಕಾಗದವನ್ನೇ ತೋರಿಸಿ ಬಂದರು. ವ್ಯಾಪಾರ ಮುರಿಯಿತು. ಊರಿಗೆ ಬಂದು ನೆಲೆಸಬೇಕೆಂದಿದ್ದವರು ಇನ್ನೂ ಎರಡು ವರ್ಷ ಮಸ್ಕತ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತರು. ಆಪಾ ಒಂದು ವರ್ಷ ತಡವಾಗಿ ನರ್ಸಿಂಗ್ ಸೇರಿದಳು. ಸತ್ಯ ಹೇಳಿದ್ದರಿಂದ ತಕ್ಷಣ ಲಾಭವಾಯಿತು ಎಂದು ನಾನು ಕಥೆ ಕಟ್ಟುವುದಿಲ್ಲ. ಅದಕ್ಕೆ ಬೆಲೆ ತೆರಬೇಕಾಯಿತು, ತೆತ್ತರು.

ಪಕ್ಕಕ್ಕೆ ಸರಿಸಿದ ನಾಣ್ಯ ಹೇಳುವ ಕಥೆ

ಮತ್ತೆ ಮಸ್ಕತ್‌ಗೆ ಹೊರಡುವ ದಿನ ಮಾಮು 1921ರ ಡಾಲರನ್ನು ನನ್ನ ಕೈಗೆ ಹಾಕಿ, "ತೂಗಿದವನಿಗೆ ಇರಲಿ" ಎಂದರು. ತರಗತಿಯಲ್ಲಿ ನೀವು ನೋಡಿದ್ದು ಅದನ್ನೇ. ಅದರ ಬಗ್ಗೆ ಓದಿದಷ್ಟೂ ನನಗೆ ತಿಳಿದ ಸಂಗತಿ ಇದು: ಮಾಮು ನಂಬಿದ್ದ ನಾಣ್ಯಕ್ಕೂ ನಮಗೂ ಯಾವ ಸಂಬಂಧವೂ ಇರಲಿಲ್ಲ. ಪಕ್ಕಕ್ಕೆ ಸರಿಸಿದ್ದ ಈ ನಾಣ್ಯ ಹುಟ್ಟಿದ್ದಕ್ಕೆ ಒಂದು ಮುಖ್ಯ ಕಾರಣ ನಮ್ಮ ಭಾರತದ ರೂಪಾಯಿ.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಭಾರತದಿಂದ ಅಪಾರ ಸಾಮಗ್ರಿ ಕೊಂಡಿತು. ರೈತರಿಗೆ, ಸೈನಿಕರಿಗೆ ಬೆಳ್ಳಿಯ ರೂಪಾಯಿಯೇ ಬೇಕಿತ್ತು. ಬೆಳ್ಳಿ ಸಾಲದೆ ಸರ್ಕಾರ 1917ರ ನವೆಂಬರ್‌ನಲ್ಲಿ ಒಂದು ರೂಪಾಯಿಯ ಕಾಗದದ ನೋಟನ್ನೂ ತಂದಿತು. ಆದರೆ ಜನ ನೋಟು ಕೊಟ್ಟು ಬೆಳ್ಳಿ ಕೇಳುತ್ತಲೇ ಇದ್ದರು. 1918ರ ಮೊದಲ ತಿಂಗಳುಗಳಲ್ಲಿ ಖಜಾನೆಯ ಬೆಳ್ಳಿ ರೂಪಾಯಿಗಳು ತಳ ಕಾಣತೊಡಗಿದವು. ನೋಟಿಗೆ ಬೆಳ್ಳಿ ಕೊಡಲಾಗುವುದಿಲ್ಲ ಎಂದರೆ ಸರ್ಕಾರದ ಮೇಲಿನ ನಂಬಿಕೆಯೇ ಕುಸಿಯುತ್ತಿತ್ತು.

ಬ್ರಿಟನ್ ಅಮೆರಿಕವನ್ನು ಕೇಳಿತು. ಅಮೆರಿಕದ ಖಜಾನೆಯಲ್ಲಿ ಯಾರೂ ಬಳಸದ ಬೆಳ್ಳಿ ಡಾಲರುಗಳು ಚೀಲಗಟ್ಟಲೆ ಬಿದ್ದಿದ್ದವು. ನೆವಾಡದ ಸೆನೆಟರ್ ಕೀ ಪಿಟ್‌ಮನ್ ಅವರ ಹೆಸರಿನ ಕಾಯ್ದೆ 1918ರ ಏಪ್ರಿಲ್ 23ರಂದು ಜಾರಿಯಾಯಿತು. ಅದರಡಿ 27 ಕೋಟಿಗೂ ಹೆಚ್ಚು ಡಾಲರ್ ನಾಣ್ಯಗಳನ್ನು ಕರಗಿಸಿದರು. ಅದರಲ್ಲಿ ಸುಮಾರು 25 ಕೋಟಿ 90 ಲಕ್ಷ ನಾಣ್ಯಗಳ ಬೆಳ್ಳಿಯನ್ನು ಭಾರತಕ್ಕಾಗಿ ಬ್ರಿಟನ್‌ಗೆ ಮಾರಿದರು. ಅದು ಇಲ್ಲಿಗೆ ಬಂದು ರೂಪಾಯಿಯಾಯಿತು.

ಲೆಕ್ಕ ಹಾಕಿ: ಒಂದು ಡಾಲರಿನಲ್ಲಿ 24.06 ಗ್ರಾಂ ಶುದ್ಧ ಬೆಳ್ಳಿ. ಒಂದು ತೊಲ, ಅಂದರೆ 11.66 ಗ್ರಾಂ ತೂಗುವ ಅಂದಿನ ರೂಪಾಯಿಯಲ್ಲಿ 10.69 ಗ್ರಾಂ. ಒಂದು ಡಾಲರ್ ಕರಗಿಸಿದರೆ ಎರಡೂಕಾಲು ರೂಪಾಯಿ. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಐದನೆಯ ಜಾರ್ಜ್ ಚಿತ್ರದ 1918, 1919 ಅಥವಾ 1920ರ ರೂಪಾಯಿ ಇದ್ದರೆ, ಅದರೊಳಗೆ ಫಿಲಡೆಲ್ಫಿಯಾದ ಆ ಶಿಕ್ಷಕಿಯ ಮುಖವಿದ್ದ ಬೆಳ್ಳಿ ಸೇರಿರಬಹುದು.

ಕಾಯ್ದೆಯಲ್ಲಿ ಇನ್ನೊಂದು ಷರತ್ತಿತ್ತು. ಕರಗಿಸಿದಷ್ಟು ಡಾಲರನ್ನು ಅಮೆರಿಕದ ಗಣಿಗಳ ಬೆಳ್ಳಿಯಿಂದ ಮತ್ತೆ ಮುದ್ರಿಸಬೇಕು. ಆ ಕಾರಣದಿಂದಲೇ 1904ರಲ್ಲಿ ನಿಂತಿದ್ದ ಮಾರ್ಗನ್ ಡಾಲರ್ 1921ರಲ್ಲಿ ಮತ್ತೆ ಹುಟ್ಟಿತು. ಆ ಒಂದೇ ವರ್ಷ 8 ಕೋಟಿ 60 ಲಕ್ಷಕ್ಕೂ ಹೆಚ್ಚು. ಹೀಗಾಗಿ ಅದು ಅಪರೂಪದ ನಾಣ್ಯವಲ್ಲ. ಸವೆದ ಸ್ಥಿತಿಯಲ್ಲಿ ಅದರ ಬೆಲೆ ಒಳಗಿನ ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಹೆಚ್ಚು. "ಎಷ್ಟು ಬೆಲೆ ಸರ್?" ಎಂಬ ಪ್ರಶ್ನೆಗೆ ಉತ್ತರ ಇದೇ. ಇಂದಿನ ಪತ್ರಿಕೆಯಲ್ಲಿ ಒಂದು ಗ್ರಾಂ ಬೆಳ್ಳಿಯ ದರ ನೋಡಿ, 24ರಿಂದ ಗುಣಿಸಿ.

ಅಪರೂಪ ಎಂಬುದನ್ನು ಅಳೆಯುವುದು ಹೇಗೆ?

ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ. ಬೆಲೆ ನಿಂತಿರುವುದು ಮೂರರ ಮೇಲೆ: ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ.

ಎಲ್ಲಿ ಮುದ್ರಣವಾಯಿತು ಎಂಬುದನ್ನು ಚಿಕ್ಕ ಅಕ್ಷರ ಹೇಳುತ್ತದೆ. ಮಾರ್ಗನ್ ಡಾಲರಿನ ಹಿಂಬದಿಯಲ್ಲಿ ಎಲೆಮಾಲೆಯ ಕೆಳಗೆ ನೋಡಿ. ಎಸ್ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ, ಓ ಎಂದರೆ ನ್ಯೂ ಆರ್ಲಿಯನ್ಸ್, ಸಿಸಿ ಎಂದರೆ ಕಾರ್ಸನ್ ಸಿಟಿ, ಡಿ ಎಂದರೆ ಡೆನ್ವರ್. ಅಕ್ಷರ ಇಲ್ಲದಿದ್ದರೆ ಫಿಲಡೆಲ್ಫಿಯಾ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮುದ್ರಣವಾದದ್ದು ಒಂದು ಲಕ್ಷ ಡಾಲರ್ ಮಾತ್ರ. ಹಾಗಾಗಿ ಆ ಒಂದು ಅಕ್ಷರಕ್ಕೆ ದೊಡ್ಡ ಬೆಲೆ. ಅಂಥ ಅಕ್ಷರವನ್ನು ಬೇರೆ ನಾಣ್ಯಕ್ಕೆ ಅಂಟಿಸಿ ಮಾರುವವರೂ ಇದ್ದಾರೆ.

ಮುದ್ರಣವಾದ ಸಂಖ್ಯೆಯೊಂದನ್ನೇ ನಂಬುವಂತಿಲ್ಲ. ಪಿಟ್‌ಮನ್ ಕಾಯ್ದೆಯಡಿ ಯಾವ ಇಸವಿಯವು ಎಷ್ಟು ಕರಗಿದವು ಎಂದು ಬರೆದಿಡಲಿಲ್ಲ. 1903ರ ನ್ಯೂ ಆರ್ಲಿಯನ್ಸ್ ಡಾಲರ್ ಬಹುಪಾಲು ಕರಗಿಹೋಗಿದೆ ಎಂದು ಎಲ್ಲರೂ ನಂಬಿದ್ದರು. ಹೊಚ್ಚಹೊಸ ಸ್ಥಿತಿಯದ್ದಕ್ಕೆ ಸಾವಿರ ಡಾಲರಿಗೂ ಮೀರಿದ ಬೆಲೆಯಿತ್ತು. 1962ರ ಕೊನೆಯಲ್ಲಿ ಖಜಾನೆಯ ಹಳೆಯ ಚೀಲಗಳು ಹೊರಬಂದಾಗ ಅದೇ ನಾಣ್ಯ ರಾಶಿರಾಶಿ ಸಿಕ್ಕಿತು. ಬೆಲೆ ಕೆಲವೇ ಹತ್ತು ಡಾಲರುಗಳಿಗೆ ಕುಸಿಯಿತು. ಪೂರೈಕೆ ಹೆಚ್ಚಾದರೆ ಬೆಲೆ ಇಳಿಯುತ್ತದೆ ಎಂಬ ರೇಖಾಚಿತ್ರವನ್ನು ನೀವು ಪರೀಕ್ಷೆಯಲ್ಲಿ ಬರೆಯುತ್ತೀರಿ. ಆ ಸಂಗ್ರಾಹಕರು ಅದನ್ನು ಅನುಭವಿಸಿದರು.

ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕಗಳಲ್ಲಿ ಹೇಳುತ್ತಾರೆ. 60ಕ್ಕಿಂತ ಮೇಲಿನವು ಚಲಾವಣೆಯಲ್ಲಿ ಸವೆಯದವು. ಅಮೆರಿಕದಲ್ಲಿ ಪಿಸಿಜಿಎಸ್, ಎನ್‌ಜಿಸಿ ಎಂಬ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತವೆ. ಆ ಪ್ಲಾಸ್ಟಿಕ್ಕನ್ನೂ ನಕಲು ಮಾಡುವವರಿದ್ದಾರೆ ಎಂಬುದು ನೆನಪಿರಲಿ.

ಸಂಗ್ರಹಿಸಬೇಕೆನ್ನುವವರಿಗೆ

1. ನಾಣ್ಯ ಕೊಳ್ಳುವ ಮೊದಲು ಪುಸ್ತಕ ಕೊಳ್ಳಿ. ಅಮೆರಿಕದ ಸಂಗ್ರಾಹಕರು ಹೊಸಬರಿಗೆ ಮೊದಲು ಹೇಳುವ ಮಾತು ಇದೇ.

2. ನಾಣ್ಯವನ್ನು ಎಂದೂ ತಿಕ್ಕಬೇಡಿ. ನನ್ನ 1921ರ ಡಾಲರನ್ನು ಮುಮಾನಿ ಒಮ್ಮೆ ಪ್ರೀತಿಯಿಂದ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದರು. ಪಾತ್ರೆಗೆ ಅದು ಸರಿ, ನಾಣ್ಯಕ್ಕೆ ಅಲ್ಲ. ಕಪ್ಪು ಬಣ್ಣ ಗಾಳಿಯಲ್ಲಿನ ಗಂಧಕದಿಂದಾದ ಸಿಲ್ವರ್ ಸಲ್ಫೈಡ್. ತಿಕ್ಕಿದರೆ ಅದರೊಂದಿಗೆ ಮೇಲ್ಮೈಯೂ ಹೋಗುತ್ತದೆ, ಸಂಗ್ರಾಹಕರು ಕೊಡುವ ಬೆಲೆಯೂ ಹೋಗುತ್ತದೆ.

3. ಅಂಚು ಹಿಡಿದು ಎತ್ತಿ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಹಸಿರು ಜಿಡ್ಡು ಹಿಡಿಯುತ್ತದೆ.

4. ದುಬಾರಿಯದರಿಂದ ಶುರು ಮಾಡಬೇಡಿ. ಸವೆದ ಒಂದು ಡೈಮ್‌ನಲ್ಲೂ 2.25 ಗ್ರಾಂ ಬೆಳ್ಳಿ ಮತ್ತು ಒಂದು ಕಾಲದ ಕಥೆ ಇರುತ್ತದೆ.

5. 100 ವರ್ಷ ದಾಟಿದ ನಾಣ್ಯವನ್ನು ಭಾರತದಿಂದ ಹೊರಗೆ ಸಾಗಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆಯ ನಿರ್ಬಂಧವಿದೆ. ಕೊಳ್ಳುವ, ಮಾರುವ ಮೊದಲು ಕಾನೂನು ತಿಳಿಯಿರಿ.

6. ಅಗ್ಗಕ್ಕೆ ಅಪರೂಪದ್ದು ಸಿಗುತ್ತಿದೆ ಎಂದು ಯಾರಾದರೂ ಹೇಳಿದರೆ ಹಣದ ಚೀಲ ಮುಚ್ಚಿ, ತಕ್ಕಡಿ ತೆಗೆಯಿರಿ.

ಅಭ್ಯಾಸ

ಅ) 1964ರ ಕ್ವಾರ್ಟರ್ ಎಂದು ಹೇಳುವ ನಾಣ್ಯ 5.67 ಗ್ರಾಂ ತೂಗುತ್ತದೆ. ಅಂಚಿನಲ್ಲಿ ಕೆಂಪು ಗೆರೆಯಿದೆ. ನೀವು ಏನು ಹೇಳುವಿರಿ?

ಆ) ಒಂದು ಡಾಲರ್ ನಾಣ್ಯಕ್ಕೂ ಹತ್ತು ಡೈಮ್‌ಗಳಿಗೂ ಮುಖಬೆಲೆ ಒಂದೇ. ಬೆಳ್ಳಿಯ ತೂಕವೂ ಒಂದೇ ಆಗಿದೆಯೇ? ಲೆಕ್ಕ ಹಾಕಿ.

ಇ) ಮನೆಯಲ್ಲಿರುವ ಹಳೆಯ ನಾಣ್ಯವೊಂದರ ತೂಕ, ಗಾತ್ರ, ಸಾಂದ್ರತೆ ಅಳೆದು ಅರ್ಧ ಪುಟದ ಟಿಪ್ಪಣಿ ಬರೆದು ತನ್ನಿ. ಪ್ರಯೋಗಾಲಯದ ತಕ್ಕಡಿ ಬಳಸಲು ಅನುಮತಿ ಕೊಡಿಸುವುದು ನನ್ನ ಜವಾಬ್ದಾರಿ.

ಮಾಮುವಿನ ಆ ನಕಲಿ 1804 ಎಲ್ಲಿದೆ ಎಂದು ಕೇಳಬಹುದು. ಅದೂ ನನ್ನ ಬಳಿಯೇ ಇದೆ. ಮತ್ತೆ ಯಾರ ಕೈಗೂ ಅಸಲಿಯಾಗಿ ಹೋಗಬಾರದೆಂದು ನಾನಿ ಅದಕ್ಕೊಂದು ತೂತು ಕೊರೆಸಿ, ಬೀರುವಿನ ಬೀಗದ ಕೈಗೆ ಕಟ್ಟಿಕೊಂಡಿದ್ದರು. ಅವರ ನಂತರ ಅದು ನನಗೆ ಬಂತು. ಮುಂದಿನ ತರಗತಿಗೆ ಎರಡನ್ನೂ ತರುತ್ತೇನೆ. ಕಣ್ಣು ಮುಚ್ಚಿ ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿಯಿರಿ. ನಾಲ್ಕು ಗ್ರಾಂಗಿಂತ ಸ್ವಲ್ಪ ಹೆಚ್ಚಿನ ವ್ಯತ್ಯಾಸ ಕೈಗೆ ತಿಳಿಯುತ್ತದೆಯೇ ಎಂದು ನೋಡೋಣ.